ಸ್ಟೇಷನ್ ರಸ್ತೆಯ ಅಣಬೆಹುಳಗಳ ಮೇಲೆ ಒಂದು ತಕರಾರು

ಬ್ಯಾಡಗಿ,
ಸೆಪ್ಟೆಂಬರ್ 4, 1989

ಗೆ,
ಕೊಂಬಿರುವ ಹಾಗೂ ಕೊಂಬಿಲ್ಲದ ಸಮಸ್ತ ಅಣಬೆಹುಳಗಳು,
ಗುಲ್‌ಮೊಹರ್ ಮರ, ಬುಡದಿಂದ ಮೂರನೆಯ ಅಣಬೆ,
ಸ್ಟೇಷನ್ ರಸ್ತೆ, ಬ್ಯಾಡಗಿ.
(ಸದ್ಯ ವಿಳಾಸ ಬದಲಾಗಿರುವ ಸಂಭವವಿದೆ.)

ವಿಷಯ: ಆಮಂತ್ರಣವಿಲ್ಲದೆ ಸಾರ್ವಜನಿಕ ಸಮಾರಂಭಕ್ಕೆ ಹಾಜರಾಗಿ ಸಮಿತಿಯ ಗೌರವಕ್ಕೆ ಧಕ್ಕೆ ತಂದ ಬಗ್ಗೆ.

ಮಾನ್ಯರೇ,

ಆರು ಕಾಲುಗಳ ಮೇಲೆ ನಿಂತಿರುವ ತಮ್ಮ ಇಡೀ ಕುಲಕ್ಕೆ, ಎರಡು ಕಾಲುಗಳ ಮೇಲೆ ಅಷ್ಟೇನೂ ಭದ್ರವಾಗಿ ನಿಲ್ಲಲಾರದ ನಾನು, ಕೈ ಜೋಡಿಸಿ, ತಲೆ ಬಾಗಿಸಿ, ಕನ್ನಡಕ ಜಾರದಂತೆ ನೋಡಿಕೊಂಡು ಸಲ್ಲಿಸುವ ವಂದನೆಗಳನ್ನು ಸ್ವೀಕರಿಸಬೇಕು. ತಮ್ಮ ಮರಿಗಳು ಎಲ್ಲಿಯಾದರೂ ಒಂದು ಒಳ್ಳೆಯ ಅಣಬೆಯನ್ನು ಸುಖವಾಗಿ ಕೊರೆಯುತ್ತಿವೆಯೆಂದೂ, ಹಿರಿಯರ ಕೊಂಬುಗಳು ಸವೆದಿಲ್ಲವೆಂದೂ ನಂಬಿದ್ದೇನೆ. ಇತ್ತ ಬ್ಯಾಡಗಿಯಲ್ಲಿ ನಾವೆಲ್ಲರೂ ಕ್ಷೇಮ. ಈ ಕ್ಷೇಮಕ್ಕೆ ತಾವೇ ಕಾರಣವೆಂಬುದೇ ನನ್ನ ತಕರಾರು.

ನನ್ನ ಪರಿಚಯ ತಮಗಿರಲಾರದು. ನಾನು ಹಾಲೇಶಪ್ಪ ಹೆಡಿಗ್ಗೊಂಡ. ತಮ್ಮ ಮರದ ಎದುರಿಗೇ ನನ್ನ ಚಿಕ್ಕ ಪ್ರೆಸ್ಸು. ಮದುವೆ, ಮುಂಜಿ, ಗೃಹಪ್ರವೇಶ, ಶ್ರದ್ಧಾಂಜಲಿ, ಎಲ್ಲಕ್ಕೂ ಒಂದೇ ಅಚ್ಚಿನಮೊಳೆಗಳನ್ನು ಬಳಸಿ ಊರಿನ ಸುಖದುಃಖಗಳನ್ನು ಸಮನಾಗಿ ಕಂಡವನು. ಇದರ ಜೊತೆಗೆ ಸ್ಟೇಷನ್ ರಸ್ತೆ ನಾಗರಿಕ ಸುಧಾರಣಾ ಸಮಿತಿಯ ಕಾರ್ಯದರ್ಶಿಯೂ ಹೌದು. ಅಧ್ಯಕ್ಷರು ಮೆಣಸಿನಕಾಯಿ ವ್ಯಾಪಾರಿ ಪರಮೇಶಪ್ಪನವರು. ಅವರು ಹೇಳಿದ್ದನ್ನು ನಾನು ಬರೆಯುತ್ತೇನೆ, ನಾನು ಬರೆದದ್ದಕ್ಕೆ ಅವರು ಸಹಿ ಹಾಕುತ್ತಾರೆ. ಸಮಿತಿ ಎಂದರೆ ಇಷ್ಟೇ.

ಆ ಗುಲ್‌ಮೊಹರ್ ಮರದ ನೆರಳಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಬಡಿಗ ಶಮಶೇರಸಾಬ ಕೆಲಸ ಮಾಡುತ್ತಿದ್ದ. ಕರ್ಜಗಿ ಕಡೆಯವನು. ತೊಟ್ಟಿಲು, ಮಣೆ, ಲಟ್ಟಣಿಗೆ, ಹೊರಸಿನ ಕಾಲು, ಕುಂಟುವ ಕುರ್ಚಿ, ಯಾವುದಾದರೂ ಸರಿ. ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಅವನ ಹೆಂಡತಿ ಜೈತೂನಬಿಯೇ ಆಡುತ್ತಿದ್ದಳು; ಮಣೆಗಳಿಗೆ ಪಾಲಿಷ್ ಕಾಗದ ತಿಕ್ಕುತ್ತ, ದಾರಿಯಲ್ಲಿ ಹೋಗುವ ಹೆಂಗಸರನ್ನೆಲ್ಲ ಹೆಸರು ಹಿಡಿದು ಕರೆದು, ಅವರ ಮನೆಯ ಲಟ್ಟಣಿಗೆಯ ಆರೋಗ್ಯ ವಿಚಾರಿಸುತ್ತಿದ್ದಳು. ಎರಡು ಮಳೆಗಾಲದ ಹಿಂದೆ ಮರದ ಬುಡದಲ್ಲಿ ಅಣಬೆಗಳು ಕಿವಿಗಳಂತೆ ಹೊರಚಾಚಿಕೊಂಡವು. ಮೇಲೆ ವಾರ್ನಿಷ್ ಹೊಡೆದಂಥ ಕೆಂಗಂದು ಹೊಳಪು, ಅಂಚಿಗೆ ಬಿಳಿ ಪಟ್ಟಿ, ಮುಟ್ಟಿದರೆ ಕಟ್ಟಿಗೆಯಷ್ಟೇ ಗಟ್ಟಿ. ಜೈತೂನಬಿ ಒಂದಕ್ಕೆ ತನ್ನ ಚೀಲ ತೂಗುಹಾಕಿದಳು. ನಾನು ಇನ್ನೊಂದರ ಮೇಲೆ ಚಹಾದ ಕಪ್ಪು ಇಟ್ಟು ಪ್ರೂಫು ತಿದ್ದುತ್ತಿದ್ದೆ. ಅದರೊಳಗೆ ತಾವು ಸಂಸಾರ ಹೂಡಿದ್ದೀರೆಂದು ತಿಳಿದಿದ್ದರೆ ಬಿಸಿ ಕಪ್ಪನ್ನು ಇಡುತ್ತಿರಲಿಲ್ಲ, ಕ್ಷಮೆ ಇರಲಿ.

ಈ ವರ್ಷದ ಜೂನ್ ತಿಂಗಳ ಒಂದು ಮುಂಜಾನೆ ತಮ್ಮವರೊಬ್ಬರು ದಾರಿ ತಪ್ಪಿ, ಮರದ ಪಕ್ಕದಲ್ಲೇ ಇರುವ ಪರಮೇಶಪ್ಪನವರ ಗೋದಾಮಿನ ಕಿಟಕಿ ದಾಟಿ, ಒಂದು ಮೆಣಸಿನಕಾಯಿ ಚೀಲದ ಮೇಲೆ ಹೋಗಿ ಕುಳಿತರು. ಜೋಳದ ಕಾಳಿನಷ್ಟು ಗಾತ್ರ, ಮರದ ತೊಗಟೆಯಂಥ ಒರಟು ಬೆನ್ನು, ಹಣೆಯ ಮೇಲೆ ಎರಡು ಪುಟ್ಟ ಕೊಂಬು. ಚೀಲದ ಮೇಲೆ ಅಣಬೆಯಿಂದ ಹಾರಿಬಂದ ಕಂದು ಪುಡಿಯೂ ಬಿದ್ದಿತ್ತು. ಪರಮೇಶಪ್ಪನವರು ಆ ಪುಡಿಯನ್ನು ಬೆರಳಿನಿಂದ ಒರೆಸಿ, ಮೂಸಿ, ಮುಖ ಕಪ್ಪಗೆ ಮಾಡಿಕೊಂಡು ನನ್ನ ಪ್ರೆಸ್ಸಿಗೆ ಬಂದರು.

"ಸೆಕ್ರೆಟರಿ, ಇವತ್ತ ಒಂದ ಹುಳಾ ಬಂದೇತಿ. ನಾಳೆ ಚೀಲಾ ಹೋಕ್ಕಾವು, ನಾಡದ ಗೋದಾಮ ಹೋಕ್ಕೈತಿ. ಆಮ್ಯಾಲೆ ಬ್ಯಾಡಗಿ ಅನ್ನೂ ಹೆಸರು ಉಳಿಯೂದಿಲ್ಲ. ಲಗೂನ ಸಭಾ ಕರೀರಿ" ಎಂದರು.

ಸಭೆ ಮರದ ಕೆಳಗೇ ನಡೆಯಿತು. ಎಲ್ಲರೂ ಬಗ್ಗಿ ನೋಡಿದಾಗ ಅಣಬೆಗಳ ಕೆಳಗೆ, ತೂತುಗಳ ಬಾಯಲ್ಲಿ, ತಾವು ಡಜನುಗಟ್ಟಲೆ ಇದ್ದಿರಿ. ಶಮಶೇರಸಾಬ ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟು, ಇಪ್ಪತ್ತೆರಡು ವರ್ಷಗಳಲ್ಲಿ ನಾನು ಅವನಿಂದ ಕೇಳಿದ ಅತಿ ದೀರ್ಘ ಭಾಷಣವನ್ನು ಮಾಡಿದ.

"ಹುಳಾ ಗಿಡಾ ತಿನ್ನೂದಿಲ್ರಿ ಪರಮೇಶಪ್ಪಾರ. ಹುಳಾ ಅಣಬಿ ತಿಂತೈತಿ, ಅಣಬಿ ಗಿಡಾ ತಿಂತೈತಿ. ಹುಳಾ ಇಷ್ಟ ಆಗ್ಯಾವಂದ್ರ ಅಣಬಿ ಒಳಗ ಭಾಳ ಹಬ್ಬೇತಿ. ಗಿಡದ ಹೊಟ್ಯಾಗ ಏನೂ ಉಳದಿರೂದಿಲ್ರಿ, ಒಂದಿನ ಬೀಳತೈತಿ."

ಇಷ್ಟು ಸ್ಪಷ್ಟವಾಗಿ, ಕಡತವಿಲ್ಲದೆ, ಒಬ್ಬ ಬಡಿಗ ಹೇಳಿದರೆ ಸಮಿತಿ ನಂಬುವುದಾದರೂ ಹೇಗೆ? ಪರಮೇಶಪ್ಪನವರು ಅವನ ಸುತ್ತ ಬಿದ್ದಿದ್ದ ಕಟ್ಟಿಗೆಯ ತುಂಡುಗಳನ್ನು ನೋಡಿ, "ಹಂಗಾರ ಇವು ನಿನ್ನ ಕಟಗ್ಯಾಗಿಂದನ ಬಂದಿರಬೇಕು" ಎಂದರು. ನಾನು ಅದನ್ನು ಹಾಗೆಯೇ ನಡಾವಳಿಯಲ್ಲಿ ಬರೆದೆ. ಕೊನೆಯ 'ಇರಬೇಕು' ಒಂದನ್ನು ಬಿಟ್ಟು 'ಬಂದಿವೆ' ಎಂದಷ್ಟೇ ಹಾಕಿದ್ದರಿಂದ ಅನುಮಾನವು ತೀರ್ಮಾನವಾಯಿತು.

ಆದರೂ ಸಲಹೆ ಕೇಳದೆ ನಡೆದುಕೊಂಡರೆಂಬ ಅಪವಾದ ಬೇಡವೆಂದು, ತಮ್ಮ ಪೈಕಿ ಇಬ್ಬರನ್ನು ನಶ್ಯದ ಡಬ್ಬಿಯಲ್ಲಿಟ್ಟುಕೊಂಡು ನಾನು ಬಸ್ಸಿನಲ್ಲಿ ಹಾವೇರಿಗೆ ಹೋದೆ. ಅಲ್ಲಿ ಒಂದು ಕಚೇರಿಯವರು ಗಿಡ ಮಾತ್ರ ತಮ್ಮದು, ಹುಳ ಪಕ್ಕದವರದು ಎಂದರು. ಪಕ್ಕದವರು ಬೆಳೆ ತಿನ್ನುವ ಹುಳವಾದರೆ ತಮ್ಮದು, ಅಣಬೆ ಮಾತ್ರ ಯಾರದೂ ಅಲ್ಲ ಎಂದರು. ಆ ಇಬ್ಬರೂ ಡಬ್ಬಿ ತೆರೆದ ಕೂಡಲೇ ಕಾಲು ಮುದುಡಿಕೊಂಡು ಸತ್ತಂತೆ ಬಿದ್ದುಬಿಟ್ಟರು. ಗುಮಾಸ್ತರು ಇಣುಕಿ ನೋಡಿ, "ಸತ್ತ ಹುಳಕ್ಕ ನಾವೇನ್ ಮಾಡೂಣ್ರಿ?" ಎಂದು ಡಬ್ಬಿ ಮುಚ್ಚಿಕೊಟ್ಟರು. ಮರಳಿ ಬರುವಾಗ ಮೋಟೆಬೆನ್ನೂರು ದಾಟುವಷ್ಟರಲ್ಲಿ ಡಬ್ಬಿಯೊಳಗೆ ಗರಗರ ಓಡಾಟ ಶುರುವಾಯಿತು. ಸರಕಾರಿ ಕಚೇರಿಯಲ್ಲಿ ಸತ್ತಂತಿದ್ದು, ಹೊರಬಿದ್ದೊಡನೆ ಲವಲವಿಕೆಯಿಂದಿರುವ ಆ ಕೌಶಲ್ಯವನ್ನು ತಾವು ಯಾರಿಂದ ಕಲಿತಿರೆಂದು ನಾನು ಕೇಳುವುದಿಲ್ಲ.

ಅಷ್ಟರಲ್ಲಿ ಜೈತೂನಬಿ ತಾನೇ ಒಂದು ಪರೀಕ್ಷೆ ಹೂಡಿದ್ದಳು. ಬಿಸ್ಕತ್ತಿನ ತಗಡಿನ ಡಬ್ಬಿಯ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು, ಒಳಗೆ ಒಂದು ಬದಿಗೆ ಪರಮೇಶಪ್ಪನವರ ಗೋದಾಮಿನ ಒಂದು ಹಿಡಿ ಮೆಣಸಿನಕಾಯಿ, ಇನ್ನೊಂದು ಬದಿಗೆ ಅಣಬೆಯ ಒಂದು ಚೂರು ಇಟ್ಟು, ನಡುವೆ ತಮ್ಮಲ್ಲಿ ನಲವತ್ತು ಮಂದಿಯನ್ನು ಬಿಟ್ಟಿದ್ದಳು. ಎಂಟು ದಿನಗಳ ಮೇಲೆ ತೆರೆದಾಗ ಅಣಬೆ ಅರ್ಧ ಪುಡಿಯಾಗಿತ್ತು. ಮೆಣಸಿನಕಾಯಿಗೆ ಒಂದು ಗೀರೂ ಬಿದ್ದಿರಲಿಲ್ಲ. ಅವಳು ಡಬ್ಬಿಯನ್ನು ಪರಮೇಶಪ್ಪನವರ ಮುಂದೆ ಹಿಡಿದು, "ನೋಡ್ರಿ, ನಿಮ್ಮ ಮೆಣಸಿನಕಾಯಿ ಅವಕ್ಕ ಬ್ಯಾಡಂತ" ಎಂದಳು.

ಮಾನ್ಯರೇ, ತಾವು ಕೆಲಸ ಕೆಡಿಸಿದ್ದು ಇಲ್ಲಿಯೇ. ನಾಲ್ಕು ಕಾಯಿ ಕಚ್ಚಿದ್ದರೆ ಪರಮೇಶಪ್ಪನವರು ಸಿಟ್ಟಾಗಿ ಸುಮ್ಮನಾಗುತ್ತಿದ್ದರು. ದೂರದೂರದ ಊರುಗಳವರು ಬಣ್ಣ ನೋಡಿಯೇ ಬಾಯಲ್ಲಿ ನೀರೂರಿಸುವ ಬ್ಯಾಡಗಿ ಮೆಣಸಿನಕಾಯಿಯನ್ನು ಎಂಟು ದಿನ ಎದುರಿಗಿಟ್ಟುಕೊಂಡು ಮೂಸಿಯೂ ನೋಡದ ತಮ್ಮ ಉದಾಸೀನವನ್ನು ಮಾತ್ರ ಅವರು ಸಹಿಸಲಿಲ್ಲ. "ರಾಣೆಬೆನ್ನೂರಿಂದ ಮೈಲಾರಪ್ಪನ್ನ ಕರಸ್ರಿ" ಎಂದು ಅಪ್ಪಣೆಯಾಯಿತು.

ಮೈಲಾರಪ್ಪನವರು ಔಷಧಿ ಹೊಡೆಯುವ ಪಂಪು ಬಾಡಿಗೆಗೆ ಕೊಡುವವರು. ಬೆನ್ನಿಗೆ ಪಂಪು, ಮೂಗಿಗೆ ಕರವಸ್ತ್ರ ಕಟ್ಟಿಕೊಂಡ ಕೂಡಲೇ ತಜ್ಞರಾಗುತ್ತಾರೆ. ಅವರು ಅರ್ಧ ದಿನ ಮರಕ್ಕೆ ವಿಷದ ಸ್ನಾನ ಮಾಡಿಸಿದರು. ಸುತ್ತಿಗೆಯಿಂದ ಅಣಬೆಗಳನ್ನೆಲ್ಲ ಒಡೆದು ಕೆಡವಿಸಿದರು. ತಾವು ಕಾಲು ಮುದುಡಿ ನೆಲದ ತುಂಬ ಬಿದ್ದಿರಿ. ತಮ್ಮಲ್ಲಿ ನಿಜವಾಗಿ ಸತ್ತವರೆಷ್ಟು, ಅಭಿನಯಿಸಿದವರೆಷ್ಟು ಎಂದು ಯಾರೂ ನೋಡಲಿಲ್ಲ. ಮರದ ಮೇಲೆ ಒಂದೂ ಹುಳ ಕಾಣುವುದಿಲ್ಲವಾದ್ದರಿಂದ ಮರವು ಸಂಪೂರ್ಣ ಆರೋಗ್ಯವಾಗಿದೆಯೆಂದು ಮೈಲಾರಪ್ಪನವರು ಘೋಷಿಸಿದರು, ನಾನು ಬರೆದುಕೊಂಡೆ. ಬುಡಕ್ಕೆ ಎದೆಯೆತ್ತರದವರೆಗೆ ಸುಣ್ಣ ಬಳಿಸಿ, ಮೇಲೊಂದು ಕೆಮ್ಮಣ್ಣಿನ ಪಟ್ಟಿ ಎಳೆಸಿದೆವು. ಶಮಶೇರಸಾಬನಿಗೆ ಜಾಗ ಖಾಲಿ ಮಾಡಬೇಕೆಂಬ ಪತ್ರವನ್ನು ನಾನೇ ಮೊಳೆ ಜೋಡಿಸಿ, ನಾನೇ ಅಚ್ಚು ಹಾಕಿ, ರಸ್ತೆ ದಾಟಿ ಹೋಗಿ ನಾನೇ ಕೊಟ್ಟೆ. ಅವನು ಓದಿ, ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು, ಅರೆಬರೆಯಾಗಿದ್ದ ತೊಟ್ಟಿಲೊಂದನ್ನು ತಲೆಯ ಮೇಲೆ ಹೊತ್ತು ಮನೆಗೆ ಹೋದ. ಆ ತೊಟ್ಟಿಲ ಮನೆಯವರು ಮರುದಿನ ನನ್ನ ಪ್ರೆಸ್ಸಿಗೆ ಬಂದು, ಬಡಿಗ ಎಲ್ಲಿ ಹೋದನೆಂದು ಕೇಳಿದರು. ನಾನು ಗೊತ್ತಿಲ್ಲವೆಂದೆ.

ಈ ವಿಜಯದ ನೆನಪಿಗಾಗಿ ಆಗಸ್ಟ್ ಇಪ್ಪತ್ತರ ಭಾನುವಾರ ಅದೇ ಮರದ ಕೆಳಗೆ ಮೈಲಾರಪ್ಪನವರಿಗೆ ಸನ್ಮಾನವೆಂದು ನಿಶ್ಚಯವಾಯಿತು. ಹಿಂದಿನ ದಿನ ಮಧ್ಯಾಹ್ನ ಶಾಮಿಯಾನದ ಹಗ್ಗಗಳನ್ನು ದೊಡ್ಡ ಕೊಂಬೆಗೆ ಬಿಗಿಯುತ್ತಿದ್ದಾಗ ಶಮಶೇರಸಾಬ ಬಂದ. ನನ್ನನ್ನು ಕರೆದು, ಬಾಚಿಯ ಹಿಂಬದಿಯಿಂದ ಸುಣ್ಣ ಬಳಿದ ಬುಡಕ್ಕೆ ಮೂರು ಸಲ ಬಡಿದ. ಕುಂಬಳಕಾಯಿಗೆ ಬಡಿದ ಸದ್ದು ಬಂತು.

"ಕೇಳಿದ್ರಿಲ್ಲೋ? ಇವತ್ತ ಬೀಳತೈತೋ, ಮುಂದಿನ ವರ್ಷ ಬೀಳತೈತೋ ನನಗ ಗೊತ್ತಿಲ್ರಿ. ಹಗ್ಗಾ ಮಾತ್ರ ಇದಕ್ಕ ಕಟ್ಟಬ್ಯಾಡ್ರಿ. ಮಂದೀನ ಆಚೀ ಕಡೆ ಕುಂದ್ರಸ್ರಿ."

ನಾನು ಕೇಳಿದ್ದೆ. ಚೆನ್ನಾಗಿಯೇ ಕೇಳಿದ್ದೆ. ಆದರೆ ಆಮಂತ್ರಣ ಪತ್ರಿಕೆಗಳು ಹಂಚಿಯಾಗಿದ್ದವು. ಅದರಲ್ಲಿ "ಆರೋಗ್ಯವಂತ ಮರದ ತಂಪಾದ ನೆರಳಿನಲ್ಲಿ" ಎಂಬ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿದವನು ನಾನು. ಕೆಳಗೆ ಸ್ವಾಗತ ಕೋರುವವರ ಹೆಸರು ನನ್ನದು. "ನೋಡೂಣ, ಅಧ್ಯಕ್ಷರಿಗೆ ಹೇಳತೇನಿ" ಎಂದೆ. ಹೇಳಲಿಲ್ಲ. ಆ ಸಂಜೆ ಊಟಕ್ಕೆ ಕುಳಿತಾಗ ನನ್ನ ಹೆಂಡತಿ ಶೇಖವ್ವ, ನಾಳೆ ಮುಂದಿನ ಸಾಲಿನಲ್ಲೇ ಕೂಡುತ್ತೇನೆ, ಹಿಂದೆ ಕೂತರೆ ಏನೂ ಕೇಳುವುದಿಲ್ಲ ಎಂದಳು. ಅದಕ್ಕೂ ನಾನು ಏನೂ ಹೇಳಲಿಲ್ಲ.

ಸಮಾರಂಭಕ್ಕೆ ಮಂದಿ ಚೆನ್ನಾಗಿ ಸೇರಿದರು. ಎಡಕ್ಕೆ ಜಮಖಾನೆಯ ಮೇಲೆ ಹೆಂಗಸರು, ಮಕ್ಕಳು. ಬಲಕ್ಕೆ ಕುರ್ಚಿಗಳಲ್ಲಿ ಗಂಡಸರು. ಬುಡಕ್ಕೆ ಆನಿಸಿದಂತೆ ವೇದಿಕೆ. ಜೈತೂನಬಿಯೂ ಬಿಸ್ಕತ್ತಿನ ಡಬ್ಬಿಯನ್ನು ಸೆರಗಿನಲ್ಲಿಟ್ಟುಕೊಂಡು ಬಂದು ಜಮಖಾನೆಯ ಅಂಚಿಗೆ ಕುಳಿತಿದ್ದಳು. ಬಂದ ಗಣ್ಯರಿಗೆ ಡಬ್ಬಿ ತೋರಿಸಿ, ತನ್ನ ಗಂಡನ ಕಟ್ಟಿಗೆಯಲ್ಲಿ ದೋಷವಿಲ್ಲವೆಂದು ಹೇಳಿ, ಜಾಗವನ್ನು ಮರಳಿ ಕೇಳಬೇಕೆಂದು ಅವಳ ಮನಸ್ಸಿನಲ್ಲಿತ್ತು. ಪರಮೇಶಪ್ಪನವರು ಮೈಲಾರಪ್ಪನವರಿಗೆ ಶಾಲು ಹೊದಿಸಿ, ಮೈಕಿನ ಮುಂದೆ ನಿಂತು ಕೀಟಗಳ ನಿರ್ನಾಮದ ಕುರಿತು ಮಾತು ಶುರುಮಾಡಿದರು. ಗಾಳಿ ಇರಲಿಲ್ಲ. ಹಿಂದಿನ ದಿನದ ಮಳೆಯಲ್ಲಿ ನೆನೆದ ಶಾಮಿಯಾನ ಭಾರವಾಗಿ ಜೋತುಬಿದ್ದು ಹಗ್ಗಗಳನ್ನು ಎಳೆಯುತ್ತಿತ್ತು. ಆಗ ಜೈತೂನಬಿಯ ಕಣ್ಣಿಗೆ, ಬುಡದ ಬಿಳಿ ಸುಣ್ಣದ ಮೇಲೆ ಕೂದಲೆಳೆಯಷ್ಟು ಕರಿ ಗೆರೆಯೊಂದು ಬಿದ್ದು, ನೋಡನೋಡುತ್ತ ಬೆರಳಿನಷ್ಟಗಲವಾದದ್ದು ಕಂಡಿತು. ಸುಣ್ಣ ಬಳಿಯದಿದ್ದರೆ ಕಾಣುತ್ತಿರಲಿಲ್ಲ. ಈ ಇಡೀ ವ್ಯವಹಾರದಲ್ಲಿ ಸಮಿತಿಯ ಉಪಯುಕ್ತ ಕೊಡುಗೆ ಅದೊಂದೇ.

ಅವಳು ಕೂಗಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಜಮಖಾನೆಯ ಮೇಲೆ ಬೋರಲು ಹಾಕಿ, ಶೇಖವ್ವನ ಕಿವಿಯಲ್ಲಿ ಮೆಲ್ಲಗೆ, "ಅಕ್ಕಾರ, ಹುಳಾ ಬಂದಾವ್ರಿ, ಕಿವ್ಯಾಗ ಹೋಕ್ಕಾವಂತ" ಎಂದಳು.

ತಾವು ನಲವತ್ತು ಮಂದಿ, ಎರಡು ತಿಂಗಳ ಸೆರೆವಾಸ ಮುಗಿಸಿ, ಆ ದಿನ ಸತ್ತಂತೆ ನಟಿಸದೆ, ನಾಲ್ಕೂ ದಿಕ್ಕಿಗೆ ಹರಿದಿರಿ. ಶೇಖವ್ವ ಎದ್ದಳು. ಶೇಖವ್ವ ಎದ್ದಳೆಂದು ಪಕ್ಕದವರು ಎದ್ದರು. ಮಕ್ಕಳನ್ನು ಕಂಕುಳಿಗೇರಿಸಿ, ಸೆರಗು ಜಾಡಿಸಿಕೊಂಡು, ಎಲ್ಲ ಹೆಂಗಸರೂ ರಸ್ತೆ ದಾಟಿ ನನ್ನ ಪ್ರೆಸ್ಸಿನ ಪಡಸಾಲೆಗೆ ಬಂದು ನಿಂತರು. "ಏನಾತು?" ಎಂದು ಕೇಳಲು ಗಂಡಸರು ಹಿಂದೆ ಬಂದರು. ಕೀಟಗಳ ನಿರ್ನಾಮದ ಭಾಷಣ ಕೇಳಲು ಉಳಿದವರು ಪರಮೇಶಪ್ಪನವರು, ಮೈಲಾರಪ್ಪನವರು ಮತ್ತು ನಾನು. ಅಷ್ಟರಲ್ಲಿ ತಮ್ಮಲ್ಲಿ ಕೊಂಬಿನ ಹಿರಿಯರೊಬ್ಬರು ಸನ್ಮಾನಿತರ ಶಾಲನ್ನೇರಿ ಕುತ್ತಿಗೆಯ ಕಡೆಗೆ ಹೊರಟರು. ರಾಣೆಬೆನ್ನೂರು ತಾಲ್ಲೂಕಿನ ಕೀಟಗಳಿಗೆಲ್ಲ ಯಮನಾದ ಮೈಲಾರಪ್ಪನವರು ಶಾಲು ಎಸೆದು ವೇದಿಕೆಯಿಂದ ಹಾರಿದರು. ಅವರನ್ನು ಸಮಾಧಾನಪಡಿಸಲು ಅಧ್ಯಕ್ಷರು ಹಾರಿದರು. ನಾನು ಕಡತ ಎತ್ತಿಕೊಂಡು ಹಾರಿದೆ.

ನಾವು ರಸ್ತೆಯ ನಡುವೆ ಇದ್ದಾಗ ಹಿಂದೆ ಒಂದು ದೊಡ್ಡ ಸದ್ದಾಯಿತು. ತಿರುಗಿ ನೋಡಿದಾಗ ಶಾಮಿಯಾನ ಇರಲಿಲ್ಲ, ಜಮಖಾನೆ ಇರಲಿಲ್ಲ, ಮುಂದಿನ ಸಾಲು ಇರಲಿಲ್ಲ. ಅವೆಲ್ಲದರ ಮೇಲೆ ಗುಲ್‌ಮೊಹರ್ ಮರ ಅಡ್ಡ ಮಲಗಿತ್ತು. ಶೇಖವ್ವ ತಾನು ಕುಳಿತಿದ್ದ ಜಾಗವನ್ನು ಹುಡುಕುತ್ತ ನಿಂತಿದ್ದಳು. ಅದು ಎಲ್ಲಿತ್ತೆಂದು ನನಗೆ ಚೆನ್ನಾಗಿ ಗೊತ್ತಿತ್ತು; ನಾನು ತೋರಿಸಲಿಲ್ಲ.

ಆಮೇಲೆ ಯಾರೋ ಜೈತೂನಬಿಯನ್ನು, ಮರ ಬೀಳುತ್ತದೆಂದು ಬಾಯಿಬಿಟ್ಟು ಹೇಳಲಿಲ್ಲವೇಕೆಂದು ಕೇಳಿದರು. "ಗಿಡಾ ಬೀಳತೈತಿ ಅಂತ ನನ್ನ ಗಂಡ ಜೂನದಾಗನ ಹೇಳ್ಯಾನ. ಯಾರ್ ಎದ್ರಿ? ಹುಳಾ ಅಂದ್ಕೂಡ್ಲೆ ಎದ್ರಿ ನೋಡ್ರಿ" ಎಂದಳು.

ಮರುದಿನ ಮರವನ್ನು ಕತ್ತರಿಸಲು ಶಮಶೇರಸಾಬನನ್ನೇ ಕರೆಯಬೇಕಾಯಿತು. ಅವನು ಕರಗಸ ಆಡಿಸಿದಾಗ ಬುಡದ ಒಳಗೆ ಬಿಳಿ ಸ್ಪಂಜಿನಂಥ ಮೆದು ಕಟ್ಟಿಗೆ, ಅದರ ನಡುವೆ ಒಬ್ಬ ಮನುಷ್ಯ ಕೂರುವಷ್ಟು ಪೊಳ್ಳು. ಪರಮೇಶಪ್ಪನವರು ಇಣುಕಿ ನೋಡಿ, "ಭಾರಿ ಗಾಳಿ ಬೀಸಿದ್ದರಿಂದ ಅಂತ ಬರೀರಿ" ಎಂದು ಹೇಳಿ ಗೋದಾಮಿಗೆ ಹೋದರು. ನಾನು ಬರೆದೆ. ಬರೆದ ಮೇಲೆ ಪೆನ್ನು ಮುಚ್ಚಲಾಗದೆ ಅಲ್ಲಿಯೇ ನಿಂತಿದ್ದೆ. ಶಮಶೇರಸಾಬ ಹಣೆ ಒರೆಸಿಕೊಳ್ಳುತ್ತ ನನ್ನ ಕಡೆ ನೋಡಿದ.

"ಅವತ್ತ ಬಡದಾಗ ನಿಮಗ ಕೇಳಿಸಿತ್ತಲ್ರಿ?"

"ಕೇಳಿಸಿತ್ತು."

"ಖರೇ ಹೇಳಿದ್ರಿ, ಆತ ಬಿಡ್ರಿ" ಎಂದು ಅವನು ಮತ್ತೆ ಕರಗಸ ಹಿಡಿದ. ನಾನು ನಡಾವಳಿಯಲ್ಲಿ 'ಗಾಳಿ' ಎಂಬುದನ್ನು ಹೊಡೆದುಹಾಕಿ, ಶಮಶೇರಸಾಬನು ಎರಡು ಸಲ ಎಚ್ಚರಿಸಿದ್ದನೆಂದೂ, ಎರಡನೆಯ ಎಚ್ಚರಿಕೆಯನ್ನು ಕಾರ್ಯದರ್ಶಿಯು ಮುಚ್ಚಿಟ್ಟನೆಂದೂ ಬರೆದು ಸಹಿ ಹಾಕಿದೆ. ಆವತ್ತಿನಿಂದ ನಾನು ಕಾರ್ಯದರ್ಶಿಯಲ್ಲ. ಶಮಶೇರಸಾಬ ಈಗ ನನ್ನ ಪ್ರೆಸ್ಸಿನ ಪಡಸಾಲೆಯಲ್ಲಿ ಕೂಡುತ್ತಾನೆ. ಜೈತೂನಬಿಯ ಮಾತಿನ ನಡುವೆ ಪ್ರೂಫು ತಿದ್ದುವುದು ಕಷ್ಟವಾಗಿ, ಮೊನ್ನೆ ಒಬ್ಬ ವರನ ಹೆಸರಿನ ಜಾಗದಲ್ಲಿ ಲಟ್ಟಣಿಗೆ ಎಂದು ಅಚ್ಚಾಯಿತು.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ನಮ್ರ ಬೇಡಿಕೆಗಳಿವೆ. ಮುಂದೆ ಯಾವುದೇ ಊರಿನ ಯಾವುದೇ ಮರದ ಅಣಬೆಯಲ್ಲಿ ಬಿಡಾರ ಹೂಡುವಾಗ ಮರದ ಒಳಗಿನ ಸ್ಥಿತಿಯನ್ನು ಮೂರು ಪ್ರತಿಗಳಲ್ಲಿ ಬರೆದು ಸಂಬಂಧಪಟ್ಟವರಿಗೆ ಕಳುಹಿಸಬೇಕು. ಬಡಿಗರ ಬಾಯಿಂದ ಹೇಳಿಸಿದರೆ ನಾವು ಕೇಳುವುದಿಲ್ಲ. ಬಾಯಿ ಇಲ್ಲದಿದ್ದರೆ ಕನಿಷ್ಠ ಒಂದು ರಬ್ಬರ್ ಸ್ಟಾಂಪನ್ನಾದರೂ ಮಾಡಿಸಿಕೊಳ್ಳಬೇಕು. ವಿಷ ಹೊಡೆದಾಗ ಸತ್ತಂತೆ ನಟಿಸಿ ತಜ್ಞರ ಆತ್ಮವಿಶ್ವಾಸವನ್ನು ಹೆಚ್ಚಿಸಬಾರದು. ಸಾಧ್ಯವಾದರೆ ಒಂದೆರಡು ಮೆಣಸಿನಕಾಯಿಯನ್ನು ಕಚ್ಚಿದಂತೆ ಮಾಡಿ ಪರಮೇಶಪ್ಪನವರ ಮನಸ್ಸಿಗೆ ಶಾಂತಿ ಕೊಡಬೇಕು. ಇನ್ನು ಶೇಖವ್ವನ ಸೆರಗಿನಲ್ಲಿ ಸಿಕ್ಕಿಕೊಂಡು ನಮ್ಮ ಮನೆಗೆ ಬಂದಿರುವ ತಮ್ಮ ಒಬ್ಬ ಬಂಧುವನ್ನು ಅವಳು ಹೊರಗೆ ಹಾಕಲೊಲ್ಲಳು. ದಯವಿಟ್ಟು ಅವರಿಗೆ ಊಟಕ್ಕೆ ಏನು ಕೊಡಬೇಕೆಂದು ತಿಳಿಸಬೇಕು. ನಾವು ಕೊಟ್ಟ ಅವಲಕ್ಕಿಯನ್ನು ಅವರು ಮುಟ್ಟಿಲ್ಲ.

ಇಷ್ಟೆಲ್ಲ ತೊಂದರೆ ಕೊಟ್ಟರೂ ತಮ್ಮ ಮೇಲೆ ಸಿಟ್ಟು ಬಾರದಿರುವುದೇ ನನ್ನ ದೊಡ್ಡ ತೊಂದರೆಯೆಂದು ಒಪ್ಪಿಕೊಳ್ಳುತ್ತ,

ಇಂದಿನಿಂದ ತಮ್ಮ ವಿಶ್ವಾಸಿ,
ಹಾಲೇಶಪ್ಪ ಹೆಡಿಗ್ಗೊಂಡ
(ಮಾಜಿ ಕಾರ್ಯದರ್ಶಿ)

ತಾ.ಕ.: ಮರವಿದ್ದ ಜಾಗದಲ್ಲಿ ಸಮಿತಿಯು ಹೊಸ ಸಸಿ ನೆಡುವುದೆಂದು ತೀರ್ಮಾನಿಸಿ, ಅದರ ರಕ್ಷಣೆಗೆಂದು ಆಳೆತ್ತರದ ಕಬ್ಬಿಣದ ಪಂಜರವನ್ನು ಮೊನ್ನೆ ನಿಲ್ಲಿಸಿತು. ಪಂಜರಕ್ಕೆ ಹಸಿರು ಬಣ್ಣ ಬಳಿದಾಗಿದೆ, ಮೂರೂ ಬದಿಗೆ ಪದಾಧಿಕಾರಿಗಳ ಹೆಸರು ಬರೆದಾಗಿದೆ, ಉದ್ಘಾಟನೆಯೂ ಆಗಿಹೋಗಿದೆ. ಸಸಿಯನ್ನು ತರುವುದು ಯಾರ ಕೆಲಸವೆಂಬುದು ಮಾತ್ರ ಇನ್ನೂ ಚರ್ಚೆಯಲ್ಲಿದೆ. ಕಬ್ಬಿಣಕ್ಕೆ ಅಣಬೆ ಹಿಡಿಯುವುದಿಲ್ಲವಾದ್ದರಿಂದ ತಾವು ಆ ಕಡೆ ಹಾಯುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ. ಅಲ್ಲಿ ಬೀಳುವಂಥದ್ದು ಏನೂ ಬೆಳೆಯದಂತೆ ಸಮಿತಿಯು ಎಚ್ಚರ ವಹಿಸಿದೆ.